ಮುಂದಿನ ಡಿಸ್ಕ್ ಬ್ರೇಕ್: ಪ್ಯಾಡ್ ಹೊಸದಾದ ಮೇಲೂ ಚಕ್ರ ಬಿಸಿಯಾಗುವುದೇಕೆ, ಕ್ಲಿಪ್ಪು-ಪಿನ್ನುಗಳನ್ನು ಬದಲಿಸಬೇಕೆ?

ಪ್ರಶ್ನೆ: ಮಲ್ಪೆಯಿಂದ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಇರುವುದು ಸುಮಾರು ಹತ್ತು ವರ್ಷ ಹಳೆಯದಾದ ಸಣ್ಣ ಪೆಟ್ರೋಲ್ ಕಾರು. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಹಿಂದಿನವಕ್ಕೆ ಡ್ರಮ್ ಬ್ರೇಕ್. ಮನೆ ಕಡಲಿಗೆ ತೀರ ಹತ್ತಿರವಿದ್ದು, ಕಾರು ವರ್ಷವಿಡೀ ಚಾವಣಿಯಿಲ್ಲದ ಅಂಗಳದಲ್ಲಿಯೇ ನಿಲ್ಲುತ್ತದೆ. ಕೆಲಸದ ನಿಮಿತ್ತ ಹೆಬ್ರಿಯ ಮೂಲಕ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಗೆ ಹೋಗಿಬರುವುದು ಆಗಾಗ ಇರುತ್ತದೆ.

ಮಳೆಗಾಲ ಮುಗಿದ ಮೇಲೆ ಮುಂದಿನ ಎರಡೂ ಚಕ್ರಗಳಿಗೆ ಹೊಸ ಬ್ರೇಕ್ ಪ್ಯಾಡ್ ಹಾಕಿಸಿದೆ. ಸ್ವಲ್ಪ ದಿನಗಳಲ್ಲೇ ತೊಂದರೆಗಳು ಕಾಣಿಸಿಕೊಂಡವು. ಹೊಂಡಗಳಿರುವ ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಬಲ ಮುಂಚಕ್ರದಿಂದ ಕಟಕಟ ಸದ್ದು ಬರುತ್ತದೆ. ಬ್ರೇಕ್ ಪೆಡಲಿನ ಮೇಲೆ ಕಾಲನ್ನು ತುಸು ಒತ್ತಿದರೆ ಸಾಕು, ಸದ್ದು ನಿಂತುಬಿಡುತ್ತದೆ. ಎಡ ಮುಂಚಕ್ರದ ಸಮಸ್ಯೆ ಬೇರೆಯೇ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದರೆ ಅದರ ರಿಮ್ಮು ಬಲಗಡೆಯದಕ್ಕಿಂತ ಬಹಳ ಬಿಸಿಯಾಗಿರುತ್ತದೆ, ಸುಟ್ಟ ವಾಸನೆಯೂ ಬರುತ್ತದೆ, ಸಮತಟ್ಟಾದ ರಸ್ತೆಯಲ್ಲಿ ಸ್ಟಿಯರಿಂಗ್ ಸಡಿಲ ಬಿಟ್ಟರೆ ಕಾರು ಎಡಕ್ಕೆ ಎಳೆಯುತ್ತದೆ. ಚಕ್ರ ಬಿಚ್ಚಿ ನೋಡಿದಾಗ ಎಡಗಡೆಯ ಒಳ ಪ್ಯಾಡು ಹೊರ ಪ್ಯಾಡಿಗಿಂತ ಆಗಲೇ ಹೆಚ್ಚು ಸವೆದಿರುವುದು ಕಂಡಿತು.

ಗ್ಯಾರೇಜಿನಲ್ಲಿ ವಿಚಾರಿಸಿದರೆ, ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲು ಸಮಯ ಬೇಕು, ಹಳೆಯ ಕ್ಲಿಪ್ಪುಗಳು ಗಟ್ಟಿಯಾಗಿಯೇ ಇದ್ದುದರಿಂದ ಅವನ್ನೇ ಮತ್ತೆ ಹಾಕಿದ್ದೇವೆ ಎಂದರು. ಬಿಡಿಭಾಗಗಳ ಅಂಗಡಿಯಲ್ಲಿ ಕ್ಲಿಪ್ಪು, ಪಿನ್ನು, ಪಿನ್ನನ್ನು ಮುಚ್ಚುವ ರಬ್ಬರ್ ಬೂಟುಗಳು ಬೇರೆಯಾಗಿ ಸಿಗುತ್ತವೆ. ಅವನ್ನು ಬದಲಿಸಿದರೆ ಈ ತೊಂದರೆ ನೀಗುವುದೇ? ಜಾಕ್, ಸ್ಟ್ಯಾಂಡ್, ಸ್ಪ್ಯಾನರುಗಳು ನನ್ನಲ್ಲಿವೆ. ಚಕ್ರ, ಎಣ್ಣೆ, ಫಿಲ್ಟರುಗಳ ಕೆಲಸವನ್ನು ನಾನೇ ಮಾಡಿಕೊಳ್ಳುತ್ತೇನೆ. ಈ ಕೆಲಸವನ್ನು ಮನೆಯಲ್ಲಿ ಕೈಗೆತ್ತಿಕೊಳ್ಳಬಹುದೇ, ಯಾವ ಗ್ರೀಸ್ ಬಳಸಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಶಿವಮೊಗ್ಗದ ಮೆಕ್ಯಾನಿಕ್

ನಮಸ್ಕಾರ. ನೀವು ಹೇಳಿದ ಎರಡು ಲಕ್ಷಣಗಳೂ ಪ್ಯಾಡಿನವಲ್ಲ, ಪ್ಯಾಡನ್ನು ಹಿಡಿದಿಡುವ ಸಣ್ಣ ಭಾಗಗಳವು ಎಂದು ನನಗೆ ಅನಿಸುತ್ತದೆ. ಪ್ಯಾಡ್ ಬದಲಿಸಿದರೆ ಬ್ರೇಕಿನ ಕೆಲಸ ಮುಗಿಯಿತು ಎಂದುಕೊಳ್ಳುವುದು ನಮ್ಮ ವೃತ್ತಿಯಲ್ಲಿ ಬಹಳ ಕಡೆ ಇದೆ, ಅದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ.

ನಿಮ್ಮಂಥ ಕಾರುಗಳಲ್ಲಿ ಕ್ಯಾಲಿಪರಿಗೆ, ಅಂದರೆ ಪ್ಯಾಡುಗಳನ್ನು ಡಿಸ್ಕಿನ ಎರಡೂ ಬದಿಗೆ ಒತ್ತುವ ಭಾಗಕ್ಕೆ, ಒಂದೇ ಪಿಸ್ಟನ್, ಅದೂ ಒಳಗಡೆಗೆ. ಪೆಡಲ್ ಒತ್ತಿದಾಗ ಆ ಪಿಸ್ಟನ್ ಮೊದಲು ಒಳ ಪ್ಯಾಡನ್ನು ಡಿಸ್ಕಿಗೆ ತಾಗಿಸುತ್ತದೆ. ಅಲ್ಲಿಂದ ಮುಂದಕ್ಕೆ ಹೋಗಲು ಜಾಗವಿಲ್ಲದಾದಾಗ ಇಡೀ ಕ್ಯಾಲಿಪರು ಎರಡು ಸ್ಲೈಡ್ ಪಿನ್ನುಗಳ ಮೇಲೆ ಒಳಮುಖವಾಗಿ ಸರಿದು ಹೊರ ಪ್ಯಾಡನ್ನೂ ಡಿಸ್ಕಿಗೆ ಎಳೆದು ಒತ್ತುತ್ತದೆ. ಪಿನ್ನು ತುಕ್ಕು ಹಿಡಿದು ಅಥವಾ ಗ್ರೀಸ್ ಒಣಗಿ ಸಿಕ್ಕಿಕೊಂಡರೆ ಕ್ಯಾಲಿಪರು ಸರಿಯುವುದಿಲ್ಲ, ಕೆಲಸವೆಲ್ಲ ಒಳ ಪ್ಯಾಡಿನ ಮೇಲೆಯೇ ಬೀಳುತ್ತದೆ. ನಿಮ್ಮ ಎಡ ಚಕ್ರದಲ್ಲಿ ಆಗಿರುವುದು ಇದೇ ಇರಬಹುದು.

ಬಲಗಡೆಯ ಕಟಕಟ ಸದ್ದಿಗೆ ಹೆಚ್ಚಾಗಿ ಕ್ಲಿಪ್ಪುಗಳೇ ಕಾರಣ. ಪ್ಯಾಡಿನ ಎರಡು ತುದಿಗಳಲ್ಲಿರುವ ಕಿವಿಗಳು, ಕ್ಯಾಲಿಪರನ್ನು ಹೊತ್ತಿರುವ ಬ್ರಾಕೆಟ್ಟಿನ ತೋಡಿನಲ್ಲಿ ಕೂರುತ್ತವೆ. ಕಿವಿಗೂ ಬ್ರಾಕೆಟ್ಟಿಗೂ ನಡುವೆ ಇರುವ ತೆಳುವಾದ ಸ್ಟೀಲ್ ಕ್ಲಿಪ್ಪು ಪ್ಯಾಡನ್ನು ಅಲುಗಾಡದಂತೆ ಹಿಡಿದು, ಹಿಂದೆ ಮುಂದೆ ಸರಿಯಲು ಮಾತ್ರ ಬಿಡುತ್ತದೆ. ಅದರ ಸ್ಪ್ರಿಂಗ್ ಗುಣ ಹೋದರೆ ಹೊಂಡದಲ್ಲಿ ಪ್ಯಾಡು ಕುಣಿಯುತ್ತದೆ, ಬ್ರೇಕ್ ಒತ್ತಿದರೆ ಬಿಗಿಯಾಗಿ ಸದ್ದು ನಿಲ್ಲುತ್ತದೆ. ನೋಡಲು ಗಟ್ಟಿಯಾಗಿರುವ ಕ್ಲಿಪ್ಪಿನಲ್ಲಿ ಸ್ಪ್ರಿಂಗ್ ಉಳಿದಿರಬೇಕೆಂದಿಲ್ಲ. ಪಿನ್ನಿನ ರಂಧ್ರ ಸವೆದು ಕ್ಯಾಲಿಪರೇ ಅಲುಗಿದರೂ ಇಂಥದೇ ಸದ್ದು ಬರುತ್ತದೆ, ಬಿಚ್ಚಿದಾಗ ಅದನ್ನೂ ನೋಡಿ.

ಕೆಲಸವನ್ನು ಮನೆಯಲ್ಲಿ ಮಾಡಬಹುದು, ಆದರೆ ಅವಸರ ಕೂಡದು. ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಕಟ್ಟೆ ಇಡಿ. ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸಡಿಲಿಸಿ, ಆಮೇಲೆ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ. ಜಾಕಿನ ಭರವಸೆಯ ಮೇಲೆ ಕೈ ಹಾಕಬೇಡಿ. ಒಂದು ಚಕ್ರವನ್ನು ಪೂರ್ತಿ ಮುಗಿಸಿದ ಮೇಲೆಯೇ ಇನ್ನೊಂದನ್ನು ಬಿಚ್ಚಿದರೆ ಯಾವುದು ಎಲ್ಲಿತ್ತು ಎಂಬ ಗೊಂದಲ ಬರುವುದಿಲ್ಲ.

ಕ್ಯಾಲಿಪರಿನ ಎರಡು ಬೋಲ್ಟುಗಳನ್ನು ಬಿಚ್ಚುವಾಗ ಪಿನ್ನಿನ ತಲೆಯನ್ನು ತೆಳುವಾದ ಇನ್ನೊಂದು ಸ್ಪ್ಯಾನರಿನಿಂದ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಪಿನ್ನು ತಿರುಗಿ ರಬ್ಬರ್ ಬೂಟು ಹರಿಯುತ್ತದೆ. ಬಿಚ್ಚಿದ ಕ್ಯಾಲಿಪರನ್ನು ಬ್ರೇಕ್ ಹೋಸಿನಿಂದ (ಬ್ರೇಕ್ ಆಯಿಲ್ ಸಾಗುವ ರಬ್ಬರ್ ನಳಿಕೆ) ಜೋಲಾಡಲು ಬಿಡದೆ ತಂತಿಯಿಂದ ಸಸ್ಪೆನ್ಷನ್ನಿನ ಸ್ಪ್ರಿಂಗಿಗೆ ಕಟ್ಟಿ. ಬ್ರಾಕೆಟ್ಟಿನ ಬೋಲ್ಟುಗಳು ಬಹಳ ಬಿಗಿಯಾಗಿರುತ್ತವೆ, ಸ್ಟಿಯರಿಂಗನ್ನು ಒಂದು ಕಡೆಗೆ ತಿರುಗಿಸಿದರೆ ಅವಕ್ಕೆ ಸ್ಪ್ಯಾನರು ತಲುಪುವುದು ಸುಲಭ. ಬ್ರಾಕೆಟ್ಟನ್ನು ಕೈಗೆ ತೆಗೆದುಕೊಂಡು ಶುಚಿ ಮಾಡುವುದೇ ಮೇಲು. ಕಾರಿನಲ್ಲಿಯೇ ಬಿಟ್ಟು ಉಜ್ಜಿದರೆ ಮೂಲೆಗಳಲ್ಲಿ ತುಕ್ಕು ಉಳಿದುಬಿಡುತ್ತದೆ.

ಗ್ರೀಸಿನ ವಿಚಾರದಲ್ಲಿ ಮಾತ್ರ ಯಾವ ರಾಜಿಯೂ ಬೇಡ. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸ್ ಪೆಟ್ರೋಲಿಯಂ ಮೂಲದ್ದು. ಅದು ತಾಗಿದರೆ ಬ್ರೇಕಿನ ರಬ್ಬರು ಊದಿಕೊಳ್ಳುತ್ತದೆ. ಪಿನ್ನಿಗೆ ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸ್ ಅಥವಾ ನಿಮ್ಮ ಕಾರಿನ ತಯಾರಕರು ಸೂಚಿಸಿದ ಗ್ರೀಸನ್ನೇ ಬಳಸಿ, ಅದನ್ನೂ ತೆಳುವಾಗಿ. ಹೆಚ್ಚು ತುಂಬಿದರೆ ಒಂದು ಬದಿ ಮುಚ್ಚಿದ ರಂಧ್ರದೊಳಗೆ ಗ್ರೀಸೂ ಗಾಳಿಯೂ ಸಿಕ್ಕಿಹಾಕಿಕೊಂಡು ಪಿನ್ನನ್ನು ಹೊರಕ್ಕೆ ತಳ್ಳುತ್ತಿರುತ್ತವೆ. ಸೀಮೆಎಣ್ಣೆ, ಡೀಸೆಲ್, ಪೆಟ್ರೋಲಿನಿಂದ ರಬ್ಬರ್ ಭಾಗಗಳನ್ನು ತೊಳೆಯುವ ಅಭ್ಯಾಸ ಹಲವು ಕಡೆ ಇದೆ, ಅದನ್ನು ಅನುಸರಿಸಬೇಡಿ.

ಉತ್ತರ 2: ಮಿಷಿಗನ್ನಿನಲ್ಲಿರುವ ಕನ್ನಡಿಗ

ಮೇಲಿನ ಉತ್ತರದ ಪ್ರತಿ ಮಾತನ್ನೂ ಒಪ್ಪುತ್ತೇನೆ. ನಾನು ಸೇರಿಸಬೇಕೆಂದಿರುವುದು ತುಕ್ಕಿನ ಬಗ್ಗೆ ಮಾತ್ರ, ಏಕೆಂದರೆ ನಾನಿರುವ ಊರಿನಲ್ಲಿ ಚಳಿಗಾಲದುದ್ದಕ್ಕೂ ಹಿಮ ಕರಗಿಸಲು ರಸ್ತೆಗಳಿಗೆ ಉಪ್ಪು ಸುರಿಯುತ್ತಾರೆ, ಕಾರಿನ ಅಡಿಭಾಗಕ್ಕೆ ಆಗುವ ಹಾನಿ ಕಡಲತೀರದ ಉಪ್ಪುಗಾಳಿಯಿಂದ ಆಗುವ ಹಾನಿಯ ಜಾತಿಯದೇ.

ಕ್ಲಿಪ್ಪುಗಳು ಸಾಮಾನ್ಯವಾಗಿ ಸ್ಟೇನ್‌ಲೆಸ್ ಸ್ಟೀಲಿನವಾದ್ದರಿಂದ ಅವಕ್ಕೆ ಬೇಗ ತುಕ್ಕು ಹಿಡಿಯುವುದಿಲ್ಲ. ತುಕ್ಕು ಹಿಡಿಯುವುದು ಅವುಗಳ ಕೆಳಗಿರುವ ಎರಕದ ಕಬ್ಬಿಣದ ಬ್ರಾಕೆಟ್ಟಿಗೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎಷ್ಟೋ ಪಾಲು ಹೆಚ್ಚು ಜಾಗವನ್ನು ತುಂಬುತ್ತದೆ. ಆ ತುಕ್ಕಿನ ಪದರವು ಕ್ಲಿಪ್ಪನ್ನು ಕೆಳಗಿನಿಂದ ಎತ್ತಿ, ಪ್ಯಾಡಿನ ಕಿವಿಗೆ ಬಿಟ್ಟಿದ್ದ ಕೂದಲೆಳೆಯಷ್ಟು ಜಾಗವನ್ನೂ ಕಸಿದುಕೊಳ್ಳುತ್ತದೆ. ಆಗ ಮಳೆಗಾಲದಲ್ಲಿ ಉಬ್ಬಿದ ಮರದ ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುವಂತೆ ಪ್ಯಾಡು ಬ್ರಾಕೆಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಪೆಡಲಿನ ಬಲಕ್ಕೆ ಅದು ಮುಂದೆ ಹೋಗಿ ಡಿಸ್ಕನ್ನು ಹಿಡಿಯುತ್ತದೆ, ಆದರೆ ಪೆಡಲ್ ಬಿಟ್ಟಾಗ ಹಿಂದಕ್ಕೆ ತಳ್ಳುವ ಬಲ ಅಷ್ಟಿಲ್ಲದ ಕಾರಣ ಅಲ್ಲಿಯೇ ಉಳಿಯುತ್ತದೆ. ಹಳೆಯ ಪ್ಯಾಡು ತುಕ್ಕಿನೊಂದಿಗೆ ಸವೆಯುತ್ತ ಹೇಗೋ ಸರಿಯುತ್ತಿತ್ತು. ಅದೇ ತುಕ್ಕಿನ ಮೇಲೆ ಬಣ್ಣ ಮಾಸದ ಹೊಸ ಪ್ಯಾಡನ್ನು ಕೂರಿಸಿದಾಗ ಬಿಗಿಯಾಗುವುದು ಇದೇ ಕಾರಣಕ್ಕೆ. ಮಳೆಗಾಲದ ನಂತರ ಹೊಸ ಪ್ಯಾಡ್ ಹಾಕಿದ ಕೂಡಲೇ ನಿಮ್ಮ ತೊಂದರೆ ಶುರುವಾಯಿತು ಎಂಬುದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಇದೇ.

ಆದ್ದರಿಂದ ಹೊಸ ಕ್ಲಿಪ್ಪನ್ನು ತಂದು ಹಳೆಯ ತುಕ್ಕಿನ ಮೇಲೆ ಒತ್ತಿದರೆ ಏನೂ ಪ್ರಯೋಜನವಿಲ್ಲ. ಕ್ಲಿಪ್ಪು ಕೂರುವ ಪ್ರತಿ ಮುಖವನ್ನೂ ವೈರ್ ಬ್ರಷ್ಷಿನಿಂದ, ಅದಕ್ಕೆ ಬಗ್ಗದಿದ್ದರೆ ಸಣ್ಣ ಚಪ್ಪಟೆ ಅರದಿಂದ, ಹೊಳೆಯುವ ಲೋಹ ಕಾಣುವವರೆಗೆ ಉಜ್ಜಬೇಕು. ತುಕ್ಕು ಹೋದ ಕೂಡಲೇ ನಿಲ್ಲಿಸಬೇಕು, ಲೋಹವನ್ನೇ ತಿಂದರೆ ಪ್ಯಾಡು ಸಡಿಲವಾಗಿ ಸದ್ದು ಮಾಡುತ್ತದೆ. ಕ್ಲಿಪ್ಪು ಬ್ರಾಕೆಟ್ಟಿಗೆ ಅಂಟಿಕೊಂಡಂತೆ ಕೂತು, ಪ್ಯಾಡು ಹೆಬ್ಬೆರಳಿನ ಒತ್ತಡಕ್ಕೆ ಸಲೀಸಾಗಿ ಒಳಹೋಗಬೇಕು, ಅಲುಗಾಡಲೂ ಬಾರದು. ಸುತ್ತಿಗೆಯಿಂದ ಬಡಿದು ಕೂರಿಸಬೇಕಾಗಿ ಬಂದರೆ ತುಕ್ಕು ಇನ್ನೂ ಉಳಿದಿದೆ ಎಂದೇ ಅರ್ಥ. ಕೆಲವು ಪ್ಯಾಡುಗಳ ಕಿವಿಯಲ್ಲಿ ಬಣ್ಣ ದಪ್ಪವಾಗಿ ನಿಂತಿರುತ್ತದೆ, ಅದನ್ನು ಮಾತ್ರ ಹಗುರವಾಗಿ ಉಜ್ಜಿ ತೆಗೆಯಬಹುದು.

ಇಲ್ಲಿ ಮಾರುವ ಬಹಳಷ್ಟು ಪ್ಯಾಡುಗಳ ಪೆಟ್ಟಿಗೆಯಲ್ಲಿಯೇ ಹೊಸ ಕ್ಲಿಪ್ಪುಗಳನ್ನು ಇಟ್ಟಿರುತ್ತಾರೆ. ಊರಿನಲ್ಲಿ ಕೊಳ್ಳುವಾಗ ಅವು ಪೆಟ್ಟಿಗೆಯಲ್ಲಿ ಇವೆಯೇ ಎಂದು ಕೇಳಿ ನೋಡಿ. ಇಲ್ಲದಿದ್ದರೆ ಬೇರೆಯಾಗಿ ಕೊಂಡರೂ ಪ್ಯಾಡಿನ ಬೆಲೆಯ ಮುಂದೆ ಅದು ದೊಡ್ಡ ಖರ್ಚಲ್ಲ.

ಒಂದು ಎಚ್ಚರಿಕೆ. ಬ್ರಾಕೆಟ್ಟು ಉಜ್ಜುವಾಗ ಏಳುವ ಧೂಳನ್ನು ಬಾಯಿಯಿಂದಾಗಲಿ ಗಾಳಿಯ ಪಂಪಿನಿಂದಾಗಲಿ ಊದಬೇಡಿ. ಪ್ಯಾಡಿನ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಕೆಲವು ಪ್ಯಾಡುಗಳಲ್ಲಿ ಕಲ್ನಾರು ಇರುವ ಸಾಧ್ಯತೆಯೂ ಉಂಟು. ಬ್ರೇಕ್ ಕ್ಲೀನರ್ ಸಿಂಪಡಿಸಿ ಒದ್ದೆ ಮಾಡಿಕೊಂಡು ಒರೆಸಿ, ಮುಖಕ್ಕೆ ಮಾಸ್ಕ್ ಹಾಕಿಕೊಳ್ಳಿ.

ಉತ್ತರ 3: ಪಾಲಿಟೆಕ್ನಿಕ್ ಆಟೊಮೊಬೈಲ್ ವಿಭಾಗದ ಉಪನ್ಯಾಸಕಿ

ಇಬ್ಬರೂ ಉಪಯುಕ್ತ ಮಾತುಗಳನ್ನೇ ಹೇಳಿದ್ದಾರೆ. ಆದರೂ ಒಳ ಪ್ಯಾಡು ಹೆಚ್ಚು ಸವೆದಿದೆ ಎಂಬ ಒಂದೇ ಕಾರಣದಿಂದ ಪಿನ್ನು ಕೆಟ್ಟಿದೆ ಎಂದು ತೀರ್ಮಾನಿಸಿ ಬಿಡಿಭಾಗ ಕೊಳ್ಳುವುದಕ್ಕೆ ಮುಂಚೆ ಸ್ವಲ್ಪ ಪರೀಕ್ಷೆ ಮಾಡುವುದು ಅಗತ್ಯ. ಪಿಸ್ಟನ್ನೇ ಹಿಂದಕ್ಕೆ ಸರಿಯದಿದ್ದರೂ ಒಳ ಪ್ಯಾಡೇ ಹೆಚ್ಚು ಸವೆಯುತ್ತದೆ, ಹೋಸು ಒಳಗೆ ಊದಿಕೊಂಡಿದ್ದರೂ ಚಕ್ರ ಬಿಸಿಯಾಗುತ್ತದೆ.

ಪೆಡಲ್ ಬಿಟ್ಟಾಗ ಪಿಸ್ಟನ್ ಹಿಂದಕ್ಕೆ ಬರುವುದು ಯಾವ ಸ್ಪ್ರಿಂಗಿನಿಂದಲೂ ಅಲ್ಲ. ಪಿಸ್ಟನ್ನಿನ ಸುತ್ತ ಚೌಕಾಕಾರದ ಅಡ್ಡಕೊಯ್ತವಿರುವ ಒಂದು ರಬ್ಬರ್ ಸೀಲು ಇದೆ. ಪಿಸ್ಟನ್ ಮುಂದೆ ಹೋಗುವಾಗ ಆ ಸೀಲು ಅದರೊಂದಿಗೆ ತುಸು ಬಾಗುತ್ತದೆ, ಒತ್ತಡ ಇಳಿದಾಗ ತನ್ನ ಮೊದಲಿನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಮಿಲಿಮೀಟರಿನ ಒಂದು ಸಣ್ಣ ಅಂಶದಷ್ಟು ಮಾತ್ರ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಇಡೀ ವ್ಯವಸ್ಥೆಯಲ್ಲಿ ಪ್ಯಾಡನ್ನು ಡಿಸ್ಕಿನಿಂದ ಬಿಡಿಸುವ ಬಲ ಇಷ್ಟೇ. ಪಿನ್ನು, ಕ್ಲಿಪ್ಪು, ಕಿವಿಗಳಲ್ಲಿ ಅಷ್ಟು ಅಲ್ಪ ಪ್ರತಿರೋಧವೂ ಏಕೆ ಸಲ್ಲದು ಎಂಬುದಕ್ಕೆ ಇದೇ ಉತ್ತರ.

ಪರೀಕ್ಷೆ ಹೀಗೆ ಮಾಡಿ. ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಗಳನ್ನಷ್ಟೇ ಹಿಡಿಯುವುದರಿಂದ ಎಡ ಮುಂಚಕ್ರವನ್ನು ಎತ್ತಿ, ಗೇರನ್ನು ನ್ಯೂಟ್ರಲಿಗೆ ತಂದು, ಚಕ್ರವನ್ನು ಕೈಯಿಂದ ತಿರುಗಿಸಬಹುದು. ಯಾರಾದರೂ ಪೆಡಲನ್ನು ಕೆಲವು ಸಲ ಒತ್ತಿ ಬಿಟ್ಟ ಮೇಲೆ ಚಕ್ರ ಬಿಗಿಯಾಗಿ ಉಳಿದರೆ, ಕ್ಯಾಲಿಪರಿನ ಗಾಳಿ ತೆಗೆಯುವ ಸ್ಕ್ರೂವಿಗೆ ಪಾರದರ್ಶಕ ನಳಿಕೆ ಸಿಕ್ಕಿಸಿ, ಅದರ ತುದಿಯನ್ನು ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ, ಸ್ಕ್ರೂವನ್ನು ತುಸು ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಕೂಡಲೇ ಸಡಿಲವಾದರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತು ಎಂದರ್ಥ. ಆಗ ಮೊದಲು ಅನುಮಾನಿಸಬೇಕಾದದ್ದು ರಬ್ಬರ್ ಹೋಸನ್ನು. ಸ್ಕ್ರೂ ಸಡಿಲಿಸಿದರೂ ಚಕ್ರ ಬಿಗಿಯಾಗಿಯೇ ಇದ್ದರೆ ದೋಷ ಯಾಂತ್ರಿಕವಾದದ್ದು, ಅಂದರೆ ಪಿಸ್ಟನ್, ಪಿನ್ನು ಅಥವಾ ಪ್ಯಾಡಿನ ಕಿವಿಯದು. ಆಗ ಕ್ಯಾಲಿಪರನ್ನು ಬಿಚ್ಚಿ, ಪಿನ್ನುಗಳನ್ನು ಒಂದೊಂದಾಗಿ ಕೈಯಿಂದ ಎಳೆದು ನೂಕಿ ನೋಡಿ, ಪ್ಯಾಡುಗಳನ್ನು ಸರಿಸಿ ನೋಡಿ, ಹಳೆಯ ಪ್ಯಾಡೊಂದನ್ನು ಅಡ್ಡವಿಟ್ಟು ಸಿ-ಕ್ಲ್ಯಾಂಪಿನಿಂದ ಪಿಸ್ಟನ್ನನ್ನು ನಿಧಾನವಾಗಿ ಒಳಕ್ಕೆ ಒತ್ತಿ. ಪಿಸ್ಟನ್ ಒಂದೇ ಸಮನಾಗಿ ಒಳಹೋದರೆ ಅದು ಚೆನ್ನಾಗಿದೆ. ಅದರ ಸುತ್ತಲಿನ ಧೂಳುತಡೆ ರಬ್ಬರು ಹರಿದಿದ್ದರೆ ಅಥವಾ ಪಿಸ್ಟನ್ನಿನ ಮೈಯಲ್ಲಿ ತುಕ್ಕಿನ ಗುಳಿಗಳಿದ್ದರೆ ಪಿನ್ನು-ಕ್ಲಿಪ್ಪುಗಳಿಂದ ಆ ಕಾಯಿಲೆ ವಾಸಿಯಾಗದು; ಕ್ಯಾಲಿಪರನ್ನು ಅನುಭವಿಗಳಿಂದ ದುರಸ್ತಿ ಮಾಡಿಸಬೇಕು ಅಥವಾ ಬದಲಿಸಬೇಕು. ಪಿಸ್ಟನ್ ಒತ್ತುವಾಗ ಬಾನೆಟ್ಟಿನ ಕೆಳಗಿನ ಡಬ್ಬಿಯಲ್ಲಿ ಆಯಿಲ್ ಮೇಲೇರಿ ಉಕ್ಕೀತು, ಅದರ ಮೇಲೆ ಕಣ್ಣಿಡಿ. ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನೇ ಕಿತ್ತುಹಾಕುತ್ತದೆ, ತಕ್ಷಣ ನೀರು ಹಾಕಿ ತೊಳೆಯಬೇಕು.

ಘಾಟಿ ಇಳಿಯುವವರಾದ್ದರಿಂದ ಇನ್ನೊಂದು ಮಾತು ಹೇಳಲೇಬೇಕು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲಿನ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ಸುಮಾರು ಶೇಕಡಾ 3.7ರಷ್ಟು ನೀರು ಸೇರಿದಾಗ ಅದಕ್ಕೆ ನಿಗದಿಯಾಗಿರುವ ಕನಿಷ್ಠ ಮಟ್ಟ 140 ಡಿಗ್ರಿ ಮಾತ್ರ. ಡಾಟ್ 4ಕ್ಕೆ ಇವೇ ಅಂಕಿಗಳು 230 ಮತ್ತು 155. ಸದಾ ಉಜ್ಜುತ್ತಿರುವ ಪ್ಯಾಡಿನೊಂದಿಗೆ ಆಗುಂಬೆಯ ತಿರುವುಗಳನ್ನು ಇಳಿಯುವಾಗ ಕ್ಯಾಲಿಪರಿನೊಳಗೆ ಆಯಿಲ್ ಕುದಿದು ಆವಿಯಾದರೆ ಪೆಡಲು ನೆಲಕ್ಕೆ ತಾಗಿದರೂ ಕಾರು ನಿಲ್ಲದು. ಆದಕಾರಣ ಈ ಕೆಲಸ ಮುಗಿಯುವವರೆಗೆ ಘಾಟಿಗೆ ಹೋಗಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಆಯಿಲನ್ನು ಹಿಂದೆ ಎಂದು ಬದಲಿಸಿದ್ದು ಎಂಬುದು ನೆನಪಿಲ್ಲದಿದ್ದರೆ ಈಗಲೇ ಬದಲಿಸಿ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸುವುದು ರೂಢಿ, ಕರಾವಳಿಯ ಆರ್ದ್ರತೆಯಲ್ಲಿ ಅದನ್ನು ಮೀರುವುದು ಸರಿಯಲ್ಲ.

ಮತ್ತೆ ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಉಪನ್ಯಾಸಕಿಯವರು ಹೇಳಿದಂತೆ ಪರೀಕ್ಷಿಸಿದೆ. ಸ್ಕ್ರೂ ಸಡಿಲಿಸಿದರೂ ಎಡ ಚಕ್ರ ಬಿಗಿಯಾಗಿಯೇ ಇತ್ತು. ಪಿಸ್ಟನ್ ಸಲೀಸಾಗಿ ಒಳಹೋಯಿತು, ಅದರ ರಬ್ಬರು ಎಲ್ಲಿಯೂ ಹರಿದಿಲ್ಲ. ಕೆಳಗಿನ ಪಿನ್ನು ಸರಾಗವಾಗಿ ಬಂತು; ಮೇಲಿನ ಪಿನ್ನಿನ ಬೂಟು ಸೀಳಿದ್ದು, ಒಳಗೆ ಕೆಮ್ಮಣ್ಣಿನ ನೀರು ಸೇರಿ, ತುಕ್ಕು ಹಿಡಿದ ಪಿನ್ನನ್ನು ಬಹಳ ಕಷ್ಟದಿಂದ ಹೊರತೆಗೆಯಬೇಕಾಯಿತು. ಒಳ ಪ್ಯಾಡಿನ ಮೇಲಿನ ಕಿವಿಯೂ ಕ್ಲಿಪ್ಪಿನಲ್ಲಿ ಸಿಕ್ಕಿಕೊಂಡಿತ್ತು, ಕ್ಲಿಪ್ಪಿನ ಕೆಳಗೆ ತುಕ್ಕು ಪದರಪದರವಾಗಿ ನಿಂತಿತ್ತು.

ಈಗ ಉಳಿದಿರುವ ಸಂದೇಹಗಳು ಇವು. ಒಂದು ಪಿನ್ನು ಪೂರ್ತಿ ಲೋಹದ್ದು, ಇನ್ನೊಂದರ ತುದಿಯಲ್ಲಿ ರಬ್ಬರಿನ ತೋಳು ಇದೆ. ಅವನ್ನು ಅದಲುಬದಲು ಮಾಡಬಹುದೇ? ಎಡಗಡೆ ಮಾತ್ರ ಬದಲಿಸಿದರೆ ಸಾಕೇ? ಪ್ಯಾಡಿನ ಕಿವಿಗೂ ಗ್ರೀಸ್ ಹಚ್ಚಬೇಕೇ? ಬೋಲ್ಟುಗಳನ್ನು ಎಷ್ಟು ಬಿಗಿ ಮಾಡಬೇಕು?

ಉತ್ತರ: ಶಿವಮೊಗ್ಗದ ಮೆಕ್ಯಾನಿಕ್

ಪರೀಕ್ಷೆಯನ್ನು ಚೆನ್ನಾಗಿ ಮಾಡಿದ್ದೀರಿ, ಈಗ ಯಾವ ಸಂದೇಹವೂ ಉಳಿದಿಲ್ಲ.

ಪಿನ್ನುಗಳನ್ನು ಅದಲುಬದಲು ಮಾಡಲೇಬಾರದು. ರಬ್ಬರಿನ ತೋಳಿರುವ ಪಿನ್ನು ಅಲುಗಾಟವನ್ನು ತಡೆಯಲೆಂದು ಒಂದು ನಿರ್ದಿಷ್ಟ ರಂಧ್ರಕ್ಕಾಗಿಯೇ ಮಾಡಿದ್ದು; ಅದು ಮೇಲೆ ಬರಬೇಕೋ ಕೆಳಗೆ ಬರಬೇಕೋ ಎಂಬುದು ಕಾರಿನಿಂದ ಕಾರಿಗೆ ಬೇರೆ. ಬಲಗಡೆಯದನ್ನು ಇನ್ನೂ ಬಿಚ್ಚಿಲ್ಲವಾದರೆ ಅದನ್ನು ನೋಡಿ ಖಚಿತಪಡಿಸಿಕೊಳ್ಳಿ, ಆದರೆ ಹಿಂದೆ ಕೆಲಸ ಮಾಡಿದವರು ತಪ್ಪಾಗಿ ಹಾಕಿರುವ ಸಂಭವವೂ ಇರುವುದರಿಂದ ಸರ್ವಿಸ್ ಕೈಪಿಡಿಯ ಚಿತ್ರದೊಂದಿಗೆ ಹೋಲಿಸುವುದು ಉತ್ತಮ. ತುಕ್ಕು ತಿಂದ ಪಿನ್ನನ್ನು ಉಪ್ಪುಕಾಗದದಿಂದ ಉಜ್ಜಿ ಮತ್ತೆ ಹಾಕುವ ಯೋಚನೆ ಬೇಡ: ಮೇಲಿನ ಲೇಪ ಹೋದ ಪಿನ್ನು ಮುಂದಿನ ಮಳೆಗಾಲಕ್ಕೆ ಮತ್ತೆ ಸಿಕ್ಕಿಕೊಳ್ಳುತ್ತದೆ. ರಂಧ್ರದೊಳಗಿನ ಹಳೆಯ ಗ್ರೀಸು, ಮಣ್ಣನ್ನು ಬ್ರೇಕ್ ಕ್ಲೀನರಿನಿಂದ ಪೂರ್ತಿ ತೆಗೆದು, ಒಣಗಿದ ಮೇಲೆ ಹೊಸ ಪಿನ್ನನ್ನು ಹಾಕಿ. ಒಳಗೋಡೆಯಲ್ಲಿ ಗುಳಿಗಳು ಕಂಡರೆ ಬ್ರಾಕೆಟ್ಟನ್ನೇ ಬದಲಿಸಬೇಕಾಗುತ್ತದೆ. ಬೂಟಿನ ಅಂಚು ಬ್ರಾಕೆಟ್ಟಿನ ತೋಡಿನಲ್ಲಿಯೂ ಪಿನ್ನಿನ ಕತ್ತಿನ ತೋಡಿನಲ್ಲಿಯೂ ಸುತ್ತಲೂ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ. ಒಂದು ಕಡೆ ಮಡಚಿಕೊಂಡಿದ್ದರೂ ನೀರು ಅಲ್ಲಿಂದಲೇ ಒಳನುಗ್ಗುತ್ತದೆ.

ಎಡಗಡೆ ಮಾತ್ರ ಸಾಲದು. ಬಲಗಡೆಯ ಸದ್ದು ಬೇರೆ ಇದೆ. ಅದಿಲ್ಲದಿದ್ದರೂ ಮುಂದಿನ ಎರಡೂ ಚಕ್ರಗಳ ಕ್ಲಿಪ್ಪು, ಪಿನ್ನು, ಬೂಟುಗಳನ್ನು ಒಟ್ಟಿಗೇ ಬದಲಿಸುವುದು ಕ್ರಮ, ಎರಡು ಕಡೆಯ ಹಿಡಿತ ಸಮನಾಗಿರಬೇಕು. ಎಡಗಡೆಯ ಒಳ ಪ್ಯಾಡು ಓರೆಯಾಗಿ ಸವೆದಿದ್ದರೆ ನಾಲ್ಕು ಪ್ಯಾಡುಗಳನ್ನೂ ಬದಲಿಸಿ. ಡಿಸ್ಕಿನ ದಪ್ಪವನ್ನು ಹಲವು ಕಡೆ ಅಳೆದು, ಅದರ ಮೇಲೆಯೇ ಅಚ್ಚಾಗಿರುವ ಕನಿಷ್ಠ ದಪ್ಪದೊಂದಿಗೆ ಹೋಲಿಸಿ. ಅತಿಯಾಗಿ ಕಾದು ನೀಲಿ ಬಣ್ಣದ ಮಚ್ಚೆಗಳೆದ್ದಿರುವ ಡಿಸ್ಕನ್ನು ನಾನಾದರೆ ಉಳಿಸಿಕೊಳ್ಳುವುದಿಲ್ಲ.

ಕಿವಿಗೆ ಗ್ರೀಸ್ ಹಚ್ಚುವ ವಿಷಯದಲ್ಲಿ ತಯಾರಕರಲ್ಲಿಯೇ ಏಕಮತವಿಲ್ಲ: ಕೆಲವರು ಒಣಗಿಯೇ ಇರಬೇಕೆನ್ನುತ್ತಾರೆ, ಕೆಲವರು ಕಿವಿ ತಾಗುವ ಜಾಗಕ್ಕೆ ಹೆಚ್ಚು ಬಿಸಿ ತಡೆಯುವ ಬ್ರೇಕ್ ಗ್ರೀಸಿನ ತೆಳು ಲೇಪ ಹೇಳುತ್ತಾರೆ. ನಿಮ್ಮ ಕೈಪಿಡಿ ಹೇಳಿದಂತೆ ಮಾಡಿ. ಹಚ್ಚುವುದಾದರೆ ಧೂಳು ಅಂಟುವಷ್ಟು ಹಚ್ಚಬೇಡಿ, ಪ್ಯಾಡಿನ ಉಜ್ಜುವ ಮುಖಕ್ಕೂ ಡಿಸ್ಕಿಗೂ ಎಳ್ಳಷ್ಟೂ ತಾಗಿಸಬೇಡಿ.

ಬಿಗಿ ಮಾಡುವಾಗ, ಎಷ್ಟು ಬಿಗಿಯಾಯಿತು ಎಂದು ಅಳೆಯುವ ಟಾರ್ಕ್ ರೆಂಚ್ ಬಳಸಿ. ಸಣ್ಣ ಕಾರುಗಳಲ್ಲಿ ಪಿನ್ನಿನ ಬೋಲ್ಟಿಗೆ ಸಾಮಾನ್ಯವಾಗಿ 25ರಿಂದ 35 ನ್ಯೂಟನ್ ಮೀಟರ್, ಬ್ರಾಕೆಟ್ಟಿನ ಬೋಲ್ಟಿಗೆ ಅದರ ಮೂರು ಪಟ್ಟಿನ ಆಸುಪಾಸಿನಲ್ಲಿ ಇರುತ್ತದೆ. ನಿಮ್ಮ ಮಾದರಿಯ ನಿಖರವಾದ ಅಂಕಿಯನ್ನು ಕೈಪಿಡಿಯಿಂದಲೇ ತೆಗೆದುಕೊಳ್ಳಿ. ಎರಡು ಬೋಲ್ಟುಗಳ ನಡುವಿನ ಈ ಅಂತರ ಗೊತ್ತಿಲ್ಲದೆ ಎರಡಕ್ಕೂ ಒಂದೇ ಬಲ ಹಾಕಿ, ಪಿನ್ನಿನೊಳಗಿನ ತಿರುಪಿನ ಸುತ್ತುಗಳನ್ನೇ (ಥ್ರೆಡ್) ಕಿತ್ತು ತಂದವರನ್ನು ನಾನು ಬಹಳ ನೋಡಿದ್ದೇನೆ. ಬ್ರಾಕೆಟ್ಟಿಗೆ ಹೊಸ ಬೋಲ್ಟನ್ನೇ ಹಾಕಬೇಕೆಂದು ಕೈಪಿಡಿ ಹೇಳಿದರೆ ಹಳೆಯದನ್ನು ಬಳಸಬೇಡಿ.

ಎಲ್ಲ ಮುಗಿದ ಮೇಲೆ, ಕಾರನ್ನು ಕದಲಿಸುವ ಮುಂಚೆ, ಪೆಡಲು ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಿ. ಒಳಕ್ಕೆ ಒತ್ತಿದ್ದ ಪಿಸ್ಟನ್ ಪ್ಯಾಡಿನ ಹತ್ತಿರಕ್ಕೆ ಬರುವವರೆಗೆ ಮೊದಲ ಕೆಲವು ಒತ್ತುಗಳಿಗೆ ಬ್ರೇಕೇ ಇರುವುದಿಲ್ಲ, ಅಂಗಳದಿಂದ ಹಿಂದಕ್ಕೆ ತೆಗೆಯುವಾಗಲೇ ಗೋಡೆಗೆ ಗುದ್ದಿದ ಪ್ರಸಂಗಗಳು ಆಗಿವೆ. ಡಬ್ಬಿಯಲ್ಲಿ ಆಯಿಲಿನ ಮಟ್ಟ ನೋಡಿ, ನೀವು ಸಡಿಲಿಸಿದ್ದ ಸ್ಕ್ರೂವಿನ ಮೂಲಕ ಆ ಕ್ಯಾಲಿಪರಿನ ಗಾಳಿ ತೆಗೆದು ಬಿಗಿ ಮಾಡಿ. ಆಮೇಲೆ ಜನಸಂಚಾರವಿಲ್ಲದ ರಸ್ತೆಯಲ್ಲಿ ಮಧ್ಯಮ ವೇಗದಿಂದ ಹದವಾಗಿ ಬ್ರೇಕ್ ಒತ್ತಿ ವೇಗ ಇಳಿಸುವುದನ್ನು ಹಲವು ಸಲ, ನಡುವೆ ಡಿಸ್ಕು ತಣಿಯಲು ಬಿಡುವು ಕೊಡುತ್ತ, ಮಾಡಿ. ಬಿಸಿಯಾದ ಡಿಸ್ಕಿನ ಮೇಲೆ ಪ್ಯಾಡನ್ನು ಒತ್ತಿಹಿಡಿದು ಹೆಚ್ಚು ಹೊತ್ತು ನಿಲ್ಲಿಸಬೇಡಿ. ಸ್ವಲ್ಪ ದೂರ ಓಡಿಸಿದ ನಂತರ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಟಾರ್ಕ್ ರೆಂಚಿನಿಂದ ಪರೀಕ್ಷಿಸಿ.